ಇನ್ಸುಲಿನ್ ಬಾಟಲಿಯೊಂದರ ಪ್ರಯಾಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದ ಬರಹರೂಪ)



ಈ ಕಾರ್ಯಕ್ರಮಕ್ಕೆ ಕರೆದಾಗ ಸರ್ ಅವರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಆ ವಿಷಯವನ್ನು ಹೇಳುವವರು ನಿಮ್ಮ ಮೊಬೈಲಿನಲ್ಲೇ ಸಾಕಷ್ಟು ಜನ ಇದ್ದಾರೆ. ಹಾಗಾಗಿ ಅವರ ಅಪ್ಪಣೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ನನ್ನ ಕೈಯಲ್ಲಿರುವ ಈ ಚಿಕ್ಕ ಬಾಟಲಿ ನೋಡಿರಿ. 10 ಮಿಲಿ ಲೀಟರ್ ಇನ್ಸುಲಿನ್. ಪ್ರತಿ ಮಿಲಿ ಲೀಟರಿಗೆ 40 ಯೂನಿಟ್‌ನಂತೆ ಒಟ್ಟು 400 ಯೂನಿಟ್. ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ಮನೆಯಲ್ಲಿ ಇಂಥದ್ದೊಂದು ಬಾಟಲಿ ಇರಬಹುದು. ಇದು ನಮ್ಮ ಕೇಶ್ವಾಪುರದ ಔಷಧಿ ಅಂಗಡಿಗೆ ಬಂದು ಮುಟ್ಟುವವರೆಗಿನ ಕಥೆಯನ್ನು ಹೇಳುತ್ತೇನೆ. ನಾನು ಡಾಕ್ಟರೂ ಅಲ್ಲ, ಜೀವವಿಜ್ಞಾನಿಯೂ ಅಲ್ಲ. ಇಂಥ ಔಷಧಿಗಳ ಸಾಗಾಟದ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುವವನು. ಆ ಕೆಲಸದಲ್ಲಿ ಕಂಡದ್ದು, ಕೇಳಿ ಕಲಿತದ್ದು ಇಷ್ಟು.

ಮೊದಲು ನಮ್ಮ ಮನೆಯ ಮಾತು. ನಾನು ಬಿ.ಇ. ಓದುತ್ತಿದ್ದಾಗ ನಮ್ಮ ಅಜ್ಜಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕಾಗಿತ್ತು. ಚುಚ್ಚುವ ಕೆಲಸ ನನ್ನದೇ. ಒಂದು ಬೇಸಿಗೆಯಲ್ಲಿ ಕರೆಂಟು ಪದೇ ಪದೇ ಹೋಗುತ್ತಿತ್ತು. ಔಷಧಿ ತಂಪಾಗಿರಲಿ ಎಂದು ಒಂದು ರಾತ್ರಿ ಬಾಟಲಿಯನ್ನು ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿತ್ತು. ಹೊರಗಿಟ್ಟೆ, ಕರಗಿತು. ಅದನ್ನೇ ಮುಂದುವರಿಸಿದೆವು. ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅನಿಸಿತ್ತು.

ಅಲ್ಲಿಂದ ಅಜ್ಜಿಯ ಶುಗರ್ ಇಳಿಯಲೇ ಇಲ್ಲ. ಡಾಕ್ಟರು ಪ್ರಮಾಣ ಹೆಚ್ಚಿಸಿದರು, ಮತ್ತೊಮ್ಮೆ ಹೆಚ್ಚಿಸಿದರು. ಬಾಟಲಿ ಮುಗಿಯುತ್ತ ಬಂದಾಗ ಅಪ್ಪ ಹೊಸದು ತಂದರು. ಅಂದು ಸಂಜೆ ಹೆಚ್ಚಿಸಿದ ಪ್ರಮಾಣವನ್ನೇ ಹೊಸ ಬಾಟಲಿಯಿಂದ ಕೊಟ್ಟೆ. ರಾತ್ರಿ ಅಜ್ಜಿ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅವ್ವ ಸಕ್ಕರೆ ನೀರು ಕುಡಿಸಿದಳು, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಅಜ್ಜಿ ಬದುಕಿಕೊಂಡಳು.

ಮರುದಿನ ಡಾಕ್ಟರು ಹಳೆಯ ಬಾಟಲಿ ತರಿಸಿ, ಬೆಳಕಿಗೆ ಹಿಡಿದು ತಿರುಗಿಸಿದರು. ಹಾಲಿನಂತೆ ಒಂದೇ ಸಮ ಇರಬೇಕಾದ ಔಷಧಿಯಲ್ಲಿ ಸಣ್ಣ ಸಣ್ಣ ಗಂಟುಗಳು ತೇಲುತ್ತಿದ್ದವು.

“ಇದನ್ನ ಎಲ್ಲಿ ಇಟ್ಟಿದ್ರಿ?”

“ಒಂದ್ ರಾತ್ರಿ ಐಸಿನ ಖಾನ್ಯಾಗ ಇಟ್ಟಿದ್ದೆ, ಸರ್.”

“ಮೊದಲ ಯಾಕ ಹೇಳಲಿಲ್ಲಪಾ? ಸತ್ತ ಔಷಧಿಗೆ ನಾ ಡೋಸ್ ಏರಿಸಿಕೋತ ಹೋದೆ. ಜೀವ ಇರೋ ಔಷಧಿ ಬಂದ ಕೂಡ್ಲೇ ಅಜ್ಜಿಗೆ ಅದು ಹೆಚ್ಚಾತು.”

ಔಷಧಿ ಸಾಯುತ್ತದೆ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಏಕೆ ಹಾಗೆ? ತಲೆನೋವಿಗೆ ನುಂಗುವ ಆಸ್ಪಿರಿನ್ ರಸಾಯನ ವಿಧಾನದಿಂದ ಮಾಡಿದ್ದು. ಅದರ ಒಂದು ಅಣುವಿನಲ್ಲಿ ಇರುವುದು 21 ಪರಮಾಣುಗಳು. ಇನ್ಸುಲಿನ್ ಒಂದು ಪ್ರೋಟೀನ್. 51 ಅಮೈನೋ ಆಮ್ಲಗಳು ಎರಡು ಎಳೆಗಳಾಗಿ ಹೆಣೆದುಕೊಂಡಿವೆ. ಒಟ್ಟು 788 ಪರಮಾಣುಗಳು. ಆ ಹೆಣಿಗೆಯ ಮಡಿಕೆ ಸರಿ ಇದ್ದರಷ್ಟೇ ಅದು ಕೆಲಸ ಮಾಡುತ್ತದೆ. ಬಿಸಿ ತಾಗಿದರೆ, ಹೆಪ್ಪುಗಟ್ಟಿದರೆ, ಜೋರಾಗಿ ಕುಲುಕಿದರೆ ಅದು ಕೆಡುತ್ತದೆ. ಬೇಯಿಸಿದ ತತ್ತಿಯನ್ನು ಮತ್ತೆ ಹಸಿ ಮಾಡಲು ಬರುತ್ತದೆಯೇ? ಇದೂ ಹಾಗೆಯೇ. ಇಂಥ ಔಷಧಿಗಳನ್ನು ಜೀವಕೋಶಗಳೇ ತಯಾರಿಸಬೇಕು. ಹೀಗಾಗಿ ಇವುಗಳಿಗೆ ಜೈವಿಕ ಔಷಧಿಗಳು ಎನ್ನುತ್ತಾರೆ. ಲಸಿಕೆಗಳು, ಕ್ಯಾನ್ಸರಿಗೆ ಕೊಡುವ ಕೆಲವು ಇಂಜೆಕ್ಷನ್ನುಗಳು, ಹಾವು ಕಚ್ಚಿದಾಗ ಕೊಡುವ ಪ್ರತಿವಿಷ ಎಲ್ಲವೂ ಇದೇ ಜಾತಿಗೆ ಸೇರಿದವು.

ನಮ್ಮ ಅವ್ವಂದಿರಿಗೆ ಇದು ಹೊಸದಲ್ಲ. ಹಾಲು ಒಂದೇ ಆದರೂ ನಮ್ಮ ಮನೆಯ ಹೆಪ್ಪಿನ ಮೊಸರು ಬೇರೆ, ಪಕ್ಕದ ಮನೆಯ ಹೆಪ್ಪಿನದು ಬೇರೆ. ಹಾಲಿನ ಬಿಸಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಮೊಸರು ಕೆಡುತ್ತದೆ. ಜೈವಿಕ ಔಷಧಿಯ ಕಾರ್ಖಾನೆ ಎಂದರೆ ಅತ್ಯಂತ ಎಚ್ಚರಿಕೆಯಿಂದ ಹೆಪ್ಪು ಹಾಕುವ ಮನೆ ಎಂದುಕೊಳ್ಳಿರಿ.

ಮೊದಲಿಗೆ ಈ ಹೆಪ್ಪು ಇರಲಿಲ್ಲ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ನಾಯಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ದನದ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದರು. ಅದು ಶುದ್ಧವಾಗಿರಲಿಲ್ಲ, ಫಲ ಸಿಗಲಿಲ್ಲ. ಕಾಲಿಪ್ ಎಂಬ ರಸಾಯನ ತಜ್ಞರು ಹನ್ನೆರಡು ದಿನಗಳಲ್ಲಿ ಅದನ್ನು ಶುದ್ಧಗೊಳಿಸಿ ಕೊಟ್ಟ ಮೇಲೆ, ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಕೆಲಸ ಮಾಡುವ ಔಷಧಿ ಮತ್ತು ಕೆಲಸ ಮಾಡದ ಔಷಧಿಯ ನಡುವೆ ಇದ್ದ ವ್ಯತ್ಯಾಸ ಶುದ್ಧತೆ ಮಾತ್ರ.

ಆಮೇಲೆ ಅರವತ್ತು ವರ್ಷ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದಾರಿಯಿಂದ. ಕಾಲು ಕಿಲೋದಷ್ಟು ಇನ್ಸುಲಿನ್ನಿಗೆ ಸುಮಾರು ಎರಡು ಟನ್ ಹಂದಿಯ ಅಂಗಗಳು ಬೇಕಾಗುತ್ತಿದ್ದವು. ಗ್ರಂಥಿಯನ್ನು ತಕ್ಷಣ ತಂಪಿನಲ್ಲಿ ಇಡದಿದ್ದರೆ ಅದರೊಳಗಿನ ಜೀರ್ಣರಸವೇ ಇನ್ಸುಲಿನ್ನನ್ನು ತಿಂದುಹಾಕುತ್ತಿತ್ತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ ತಯಾರಿಸುವುದನ್ನು ಬ್ಯಾಕ್ಟೀರಿಯಾಕ್ಕೆ ಕಲಿಸಿದರು. 1982ರಲ್ಲಿ ಅದಕ್ಕೆ ಅಲ್ಲಿ ಅನುಮತಿ ಸಿಕ್ಕಿತು.

ಅದೇ 1978ರಲ್ಲಿ ನಮ್ಮ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು ಒಂದು ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದರು. ಅಲ್ಲಿ ಮೊದಲು ತಯಾರಾದದ್ದು ಇನ್ಸುಲಿನ್ ಅಲ್ಲ, ಪಪ್ಪಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ. ಕಿಣ್ವದಿಂದ ಔಷಧಿಯ ಕಡೆಗೆ ಬರಲು ಅವರಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 2004ರಲ್ಲಿ ಪಿಕಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ‘ಇನ್ಸುಜೆನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. 2021ರಲ್ಲಿ ಅವರ ಗ್ಲಾರ್ಜಿನ್ ಇನ್ಸುಲಿನ್ನಿಗೆ, ಮೂಲ ಔಷಧಿಯ ಬದಲಿಗೆ ಅಂಗಡಿಯವನೇ ನೇರವಾಗಿ ಕೊಡಬಹುದಾದ ಮೊದಲ ಜೈವಿಕ ಔಷಧಿ ಎಂಬ ಮನ್ನಣೆ ಅಮೆರಿಕದಲ್ಲಿ ಸಿಕ್ಕಿತು.

ಈಗ ಬಾಟಲಿಯ ಪ್ರಯಾಣಕ್ಕೆ ಬರೋಣ. ಇದಕ್ಕೆ ಪೂರೈಕೆ ಸರಪಳಿ ಎನ್ನುತ್ತಾರೆ. ಕೇಶ್ವಾಪುರದ ಮಕ್ಕಳಿಗೆ ರೈಲು ಹೇಳಿಕೊಡಬೇಕಿಲ್ಲ. ಗೂಡ್ಸ್ ಗಾಡಿಯ ಒಂದು ಕೊಂಡಿ ಕಳಚಿದರೆ ಅದರ ಹಿಂದಿನ ಡಬ್ಬಿಗಳೆಲ್ಲ ಅಲ್ಲಿಯೇ ನಿಲ್ಲುತ್ತವೆ. ಇಲ್ಲಿಯೂ ಅಷ್ಟೇ.

ಮೊದಲ ಕೊಂಡಿ ಬೀಜ. ರೈತರು ಬಿತ್ತನೆ ಜೋಳವನ್ನು ಬೇರೆ ತೆಗೆದಿಡುವಂತೆ, ಔಷಧಿ ತಯಾರಿಸುವ ಜೀವಕೋಶಗಳ ಮೂಲ ಸಂಗ್ರಹವನ್ನು ಕಾರ್ಖಾನೆಯವರು ಕಡು ತಂಪಿನಲ್ಲಿ ಕಾಪಾಡುತ್ತಾರೆ. ದ್ರವ ಸಾರಜನಕದಲ್ಲಿಟ್ಟರೆ ಅಲ್ಲಿಯ ಉಷ್ಣಾಂಶ ಮೈನಸ್ 196 ಡಿಗ್ರಿ. ಒಂದು ಊರಿನಲ್ಲಿ ಬೆಂಕಿಯೋ ಪ್ರವಾಹವೋ ಬಂದರೆ ಬೀಜ ಪೂರ್ತಿ ಹೋಗಬಾರದೆಂದು ಎರಡು ಬೇರೆ ಕಡೆ ಹಂಚಿ ಇಡುತ್ತಾರೆ.

ಎರಡನೆಯ ಕೊಂಡಿ ಸಾಮಾನು. ಜೀವಕೋಶಗಳಿಗೆ ಆಹಾರ, ಶುದ್ಧ ನೀರು, ಸೋಸುವ ಫಿಲ್ಟರು, ಬೆಳೆಸುವ ಪ್ಲಾಸ್ಟಿಕ್ ಚೀಲ, ಗಾಜಿನ ಬಾಟಲಿ, ರಬ್ಬರಿನ ಬಿರಡೆ. ಇವುಗಳಲ್ಲಿ ಅತಿ ಅಗ್ಗದ ವಸ್ತು ಬರದಿದ್ದರೂ ಕೆಲಸ ನಿಲ್ಲುತ್ತದೆ. 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೆಯ ಅಲೆ ಏರುತ್ತಿದ್ದಾಗ, ಪುಣೆಯ ಸೀರಂ ಸಂಸ್ಥೆಯ ಮುಖ್ಯಸ್ಥರು ಲಸಿಕೆಯ ಕಚ್ಚಾವಸ್ತುಗಳ ರಫ್ತಿಗೆ ಇರುವ ತಡೆ ತೆಗೆಯಿರಿ ಎಂದು ಅಮೆರಿಕದ ಅಧ್ಯಕ್ಷರಿಗೆ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಇಲ್ಲಿ ಸಿಗದಿದ್ದರೆ ಪಕ್ಕದ ಅಂಗಡಿ ಎನ್ನುವಂತಿಲ್ಲ. ಬೇರೆ ಕಂಪನಿಯ ಚೀಲವೋ ಫಿಲ್ಟರೋ ಬಳಸಬೇಕಾದರೆ ಔಷಧಿ ಮೊದಲಿನಂತೆಯೇ ಇದೆ ಎಂದು ಪರೀಕ್ಷಿಸಿ ತೋರಿಸಬೇಕು.

ಸಾಮಾನು ಕೊಡುವವನು ಸುಳ್ಳು ಹೇಳಿದರೆ? 2008ರಲ್ಲಿ ಹಾಗೂ ಆಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧಿಯನ್ನು ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಚೀನಾದಿಂದ ಹೋದ ಕಚ್ಚಾ ಹೆಪಾರಿನ್ನಿನಲ್ಲಿ ಯಾರೋ ಅದರಂತೆಯೇ ಕಾಣುವ ಅಗ್ಗದ ವಸ್ತುವನ್ನು ಬೆರೆಸಿದ್ದರು. ಅಂದಿನ ಪರೀಕ್ಷೆಗಳಲ್ಲಿ ಅದು ಪಾಸಾಯಿತು. ಅಮೆರಿಕದಲ್ಲಿ ಅನೇಕ ರೋಗಿಗಳು ಜೀವ ಕಳೆದುಕೊಂಡ ಮೇಲೆ ಮೋಸ ಬಯಲಾಯಿತು.

ಮೂರನೆಯ ಕೊಂಡಿ ಕಾಯುವುದು. ತಯಾರಾದ ಔಷಧಿಯನ್ನು ಅಂದೇ ಮಾರುವಂತಿಲ್ಲ. ಅದರಲ್ಲಿ ಸೂಕ್ಷ್ಮಜೀವಿ ಇಲ್ಲವೆಂದು ನೋಡುವ ಒಂದು ಪರೀಕ್ಷೆಗೇ 14 ದಿನ ಬೇಕು. ಇಂಥ ಪರೀಕ್ಷೆಗಳು ಹಲವು. ಅಲ್ಲಿಯವರೆಗೆ ಮಾಲು ಉಗ್ರಾಣದಲ್ಲಿ ಬೀಗದೊಳಗೆ ಇರುತ್ತದೆ. ಹೀಗಾಗಿ ಮುಂದಿನ ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಗೆ ಎಷ್ಟು ಬಾಟಲಿ ಬೇಕೆಂಬ ಲೆಕ್ಕವನ್ನು ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಕಡಿಮೆ ಮಾಡಿದರೆ ರೋಗಿಗೆ ಸಿಗುವುದಿಲ್ಲ, ಹೆಚ್ಚು ಮಾಡಿದರೆ ಅವಧಿ ಮುಗಿದು ಚೆಲ್ಲಬೇಕು. ನಮ್ಮಂಥ ಸಾಫ್ಟ್‌ವೇರಿನವರು ಇಲ್ಲಿ ಬೇಕಾಗುತ್ತಾರೆ.

ನಾಲ್ಕನೆಯದು ತಂಪು. ಕಾರ್ಖಾನೆಯಿಂದ ಅಂಗಡಿಯವರೆಗೆ ಇನ್ಸುಲಿನ್ 2ರಿಂದ 8 ಡಿಗ್ರಿಯ ಒಳಗೆ ಇರಬೇಕು. ಲಸಿಕೆಗಳಲ್ಲಿಯೂ ಹೆಚ್ಚಿನವು ಹೀಗೆಯೇ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಬಂದಾಗ ನಮ್ಮ ಕಡೆಯ ಜಿಲ್ಲೆಗಳ ಪಾಲು ಪುಣೆಯಿಂದ ಬೆಳಗಾವಿಯ ಲಸಿಕಾ ಉಗ್ರಾಣಕ್ಕೆ ಬಂದು, ಅಲ್ಲಿಂದ ಹಂಚಿಕೆಯಾಯಿತು. ದೇಶದಲ್ಲಿ 2015ರಿಂದ ‘ಇ-ವಿನ್’ ಎಂಬ ವ್ಯವಸ್ಥೆ ಇದೆ. ಯಾವ ಆರೋಗ್ಯ ಕೇಂದ್ರದಲ್ಲಿ ಎಷ್ಟು ಲಸಿಕೆ ಉಳಿದಿದೆ ಎಂಬುದನ್ನು ಸಿಬ್ಬಂದಿ ಮೊಬೈಲಿನಲ್ಲಿ ತುಂಬುತ್ತಾರೆ. ಫ್ರಿಜ್ಜಿನೊಳಗಿನ ಯಂತ್ರ ಉಷ್ಣಾಂಶವನ್ನು ತಾನೇ ಕಳಿಸುತ್ತದೆ, ಮಿತಿ ಮೀರಿದರೆ ಎಚ್ಚರಿಸುತ್ತದೆ. ಅದರ ಸಾಫ್ಟ್‌ವೇರಿಗೆ ತಳಪಾಯ ಹಾಕಿದ್ದು ಬೆಂಗಳೂರಿನ ಲಾಜಿಸ್ಟಿಮೋ ಎಂಬ ಕಂಪನಿ.

ಆದರೆ ನಾನು ಹೆಚ್ಚು ಮೆಚ್ಚುವುದು ಯಂತ್ರವಿಲ್ಲದ ಒಂದು ಕ್ರಮವನ್ನು. ಲಸಿಕೆಯ ಡಬ್ಬಿ ಹೊತ್ತು ಓಣಿಗೆ ಬರುವ ಸಿಸ್ಟರ್‌ಗಳನ್ನು ನೋಡಿದ್ದೀರಿ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೆಯೇ ಡಬ್ಬಿಯಲ್ಲಿ ಇಟ್ಟರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಅದಕ್ಕಾಗಿ ಅವರು ಪ್ಯಾಕನ್ನು ಹೊರಗಿಟ್ಟು, ಅದು ಬೆವರುವವರೆಗೆ ಕಾದು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ. ಒಳಗೆ ನೀರಿನ ಸಪ್ಪಳ ಕೇಳಿದ ಮೇಲೆಯೇ ಡಬ್ಬಿಗೆ ಹಾಕುತ್ತಾರೆ. ಪೋಲಿಯೋ ಲಸಿಕೆಯ ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಒಂದು ಚೌಕ ಇರುತ್ತದೆ. 1996ರಿಂದ ಬಂದ ಗುರುತು ಅದು. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಲಸಿಕೆಯನ್ನು ಕೊಡುವಂತಿಲ್ಲ. ಅಜ್ಜಿಯ ಬಾಟಲಿಯ ಮೇಲೆ ಅಂಥ ಗುರುತು ಇರಲಿಲ್ಲ. ಇದ್ದಿದ್ದರೂ ಅದು ಬಿಸಿಯನ್ನು ಹೇಳುತ್ತಿತ್ತೇ ಹೊರತು ಐಸಿನ ಖಾನೆಯ ಸಂಗತಿಯನ್ನು ಹೇಳುತ್ತಿರಲಿಲ್ಲ. ಅದನ್ನು ಹೇಳಬೇಕಾದವನು ನಾನೇ ಆಗಿದ್ದೆ.

ಇಷ್ಟೆಲ್ಲ ಅನುಭವಿಸಿದವನು ಮುಂದೆ ಹುಷಾರಾಗಿರಬೇಕಲ್ಲವೇ? ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ಔಷಧಿ ಒಯ್ಯುವ ಗಾಡಿಯೊಳಗಿನ ಯಂತ್ರ ಹತ್ತು ಹತ್ತು ನಿಮಿಷಕ್ಕೆ ಉಷ್ಣಾಂಶವನ್ನು ನಮ್ಮ ಕಂಪ್ಯೂಟರಿಗೆ ಕಳಿಸುತ್ತಿತ್ತು. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಅಂಕಿ ಬರುತ್ತಿರಲಿಲ್ಲ, ಪರದೆಯ ಮೇಲಿನ ಗೆರೆ ತುಂಡಾಗುತ್ತಿತ್ತು. ನೋಡಲು ಚೆನ್ನಾಗಿರುವುದಿಲ್ಲ ಎಂದು, ಅಂಕಿ ಬರದಿದ್ದಲ್ಲಿ ಹಿಂದಿನ ಅಂಕಿಯನ್ನೇ ತುಂಬುವಂತೆ ನಾನು ಪ್ರೋಗ್ರಾಮ್ ಬರೆದೆ. ಗೆರೆ ಅಂದವಾಗಿ ಕೂಡಿಕೊಂಡಿತು.

ಕೆಲವು ವಾರಗಳ ನಂತರ ಗುಣಮಟ್ಟ ನೋಡುವ ಹಿರಿಯ ಮೇಡಂ ಒಬ್ಬರು ನನ್ನನ್ನು ಕರೆದು ಪರದೆಯ ಮೇಲೆ ಬೆರಳಿಟ್ಟರು. “ಈ ನಾಲ್ಕು ತಾಸು ಗೆರೆ ಇಷ್ಟು ನೇರ ಹೇಗಿದೆ? ಯಾವ ಫ್ರಿಜ್ಜೂ ನಾಲ್ಕು ತಾಸು ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ.” ನನ್ನ ಬಳಿ ಉತ್ತರವಿರಲಿಲ್ಲ. ಆ ಗಾಡಿಯ ಮಾಲನ್ನು ಪೂರ್ತಿ ತಡೆಹಿಡಿದರು. ಯಂತ್ರದ ಸ್ವಂತ ನೆನಪಿನಲ್ಲಿ ಉಳಿದಿದ್ದ ಅಂಕಿಗಳನ್ನು ತೆಗೆದು ನೋಡಿದರು. ಎಲ್ಲವೂ ಮಿತಿಯೊಳಗೆ ಇದ್ದವು. ಔಷಧಿ ಕೆಟ್ಟಿರಲಿಲ್ಲ. ಅದು ನನ್ನ ಪುಣ್ಯ ಅಷ್ಟೇ. ಕೆಟ್ಟಿದ್ದರೂ ನನ್ನ ಗೆರೆ ಹಾಗೆಯೇ ಅಂದವಾಗಿ ಇರುತ್ತಿತ್ತು, ಆ ಬಾಟಲಿಗಳು ಯಾರೋ ಅಜ್ಜಿಯರ ಮನೆಗೆ ಹೋಗುತ್ತಿದ್ದವು. ಅಂದೇ ಆ ಪ್ರೋಗ್ರಾಮ್ ತಿದ್ದಿದೆ. ಈಗ ಅಂಕಿ ಬರದಿದ್ದಲ್ಲಿ ಪರದೆಯ ಮೇಲೆ ‘ಮಾಹಿತಿ ಇಲ್ಲ’ ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ.

ಆ ದಿನ ನನಗೆ ನೆನಪಾದದ್ದು ಇದೇ ಶಾಲೆಯ ಪ್ರಯೋಗಾಲಯ. ನೀರು ಕುದಿಯುವ ಉಷ್ಣಾಂಶ ಕಂಡುಹಿಡಿಯುವ ಪ್ರಯೋಗ. ನಮ್ಮ ಗುಂಪಿನ ಥರ್ಮಾಮೀಟರು 98ರ ಹತ್ತಿರ ಬಂದು ನಿಂತುಬಿಟ್ಟಿತು. ಎಷ್ಟು ಕಾಯಿಸಿದರೂ ಮೇಲೆ ಹೋಗಲೊಲ್ಲದು. ಪುಸ್ತಕದಲ್ಲಿ 100 ಇದೆ. ಥರ್ಮಾಮೀಟರು ಕೆಟ್ಟಿರಬೇಕೆಂದು ತಿಳಿದು ನಾನು ಜರ್ನಲ್ಲಿನಲ್ಲಿ 100 ಎಂದು ಬರೆದೆ. ವಿಜ್ಞಾನದ ಸರ್ ಅದರ ಸುತ್ತ ಕೆಂಪು ಗೆರೆ ಎಳೆದರು.

“ತಮ್ಮಾ, ಹುಬ್ಬಳ್ಳಿ ಸ್ಟೇಷನ್ನಿನ ಹಳದಿ ಬೋರ್ಡ್ ಓದೀಯೇನು? ಸಮುದ್ರ ಮಟ್ಟದಿಂದ ಆರನೂರು ಮೀಟರಕ್ಕಿಂತ ಮ್ಯಾಲ ಅದೀವಿ ನಾವು. ಇಲ್ಲೆ ನೀರು ನೂರಕ್ಕ ಕುದಿಯಂಗಿಲ್ಲ, ತೊಂಬತ್ತೆಂಟರ ಹತ್ರ ಕುದೀತದ. ನಿನ್ನ ಥರ್ಮಾಮೀಟರು ಖರೇ ಹೇಳಿತ್ತು. ಪುಸ್ತಕ ನೋಡೇ ಬರಿಯೂದಾದ್ರ ಥರ್ಮಾಮೀಟರ್ ಯಾಕ ಬೇಕು?”

ಆಗ ಎಲ್ಲರೂ ನಕ್ಕಿದ್ದೆವು. ಐಸಿನ ಖಾನೆಯ ಸಂಗತಿ ಹೇಳದೇ ಇದ್ದದ್ದು, ಸಿಗ್ನಲ್ ಇಲ್ಲದ ನಾಲ್ಕು ತಾಸು ಮುಚ್ಚಿದ್ದು, 98ರ ಜಾಗದಲ್ಲಿ 100 ಬರೆದದ್ದು, ಮೂರೂ ಒಂದೇ ತಪ್ಪು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಔಷಧಿ ಕಾರ್ಖಾನೆಗಳಲ್ಲಿ ಒಂದು ನಿಯಮವಿದೆ. ಬರೆದಿಡದ ಕೆಲಸ ನಡೆದೇ ಇಲ್ಲ ಎಂದು ಲೆಕ್ಕ. ಏಕೆಂದರೆ ಬಾಟಲಿಯನ್ನು ಕಣ್ಣಿನಿಂದ ನೋಡಿದರೆ ಅದು ಜೀವಂತವೋ ಸತ್ತಿದೆಯೋ ಬಹಳ ಸಲ ತಿಳಿಯುವುದಿಲ್ಲ. ಅದು ಹಾದುಬಂದ ದಾರಿಯ ದಾಖಲೆಯನ್ನು ನಂಬಿಯೇ ಡಾಕ್ಟರು ಚೀಟಿ ಬರೆಯುತ್ತಾರೆ, ನಾವು ಚುಚ್ಚಿಸಿಕೊಳ್ಳುತ್ತೇವೆ. ಆ ದಾಖಲೆಯ ಒಂದೊಂದು ಅಂಕಿಯ ಹಿಂದೆಯೂ ಒಬ್ಬ ಮನುಷ್ಯ ಇರುತ್ತಾನೆ.

ವಿದ್ಯಾರ್ಥಿಗಳೇ, ಕೊನೆಯ ಕೊಂಡಿ ನೀವು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಇಂದು ಸಂಜೆ ಹೋಗಿ ಬಾಟಲಿ ಎಲ್ಲಿದೆ ನೋಡಿರಿ. ಐಸಿನ ಖಾನೆಯಲ್ಲಿಯಾಗಲಿ ಅದಕ್ಕೆ ತಾಗಿಯಾಗಲಿ ಇರಬಾರದು, ಬಿಸಿಲು ಬೀಳುವ ಕಿಟಕಿಯಲ್ಲಿಯೂ ಇರಬಾರದು. ಫ್ರಿಜ್ಜಿನ ನಡುವಿನ ಖಾನೆ ಒಳ್ಳೆಯದು. ಬಳಕೆಯಲ್ಲಿರುವ ಬಾಟಲಿಯ ಮೇಲೆ ತೆರೆದ ತಾರೀಖು ಬರೆಯಿರಿ. ಅದನ್ನು ಎಷ್ಟು ದಿನ ಬಳಸಬಹುದೆಂದು ಅದರ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ ನಾಲ್ಕು ವಾರದ ಆಸುಪಾಸು. ಫ್ರಿಜ್ ಇಲ್ಲದ ಮನೆಯವರು ಹೆದರಬೇಕಿಲ್ಲ. ನೆರಳಿನಲ್ಲಿ ಒದ್ದೆ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಇಡಬಹುದು. ಈ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿರಿ. ಬಾಟಲಿ ಹೆಪ್ಪುಗಟ್ಟಿದ್ದರೆ, ಒಡೆದ ಹಾಲಿನಂತೆ ಗಂಟು ಗಂಟಾಗಿದ್ದರೆ ಬಳಸಬೇಡಿರಿ. ಮುಖ್ಯವಾಗಿ, ತಪ್ಪಾಗಿದ್ದರೆ ಹೇಳಿರಿ. ಹೇಳಿದ ತಪ್ಪಿಗೆ ಔಷಧಿ ಇರುತ್ತದೆ.

ಗುರುಗಳಲ್ಲಿಯೂ ಒಂದು ವಿನಂತಿ. ಜರ್ನಲ್ಲಿನಲ್ಲಿ 98 ಬರೆದ ಹುಡುಗ ಹುಡುಗಿಯರಿಗೆ ಪೂರ್ತಿ ಅಂಕ ಕೊಡಿರಿ. ನನಗೆ ಸಾಫ್ಟ್‌ವೇರ್ ಬರೆಯಲು ಮುಂದೆ ಬೇರೆಯವರು ಕಲಿಸಿದರು. ಆದರೆ ಅದರಲ್ಲಿ ಏನು ಬರೆಯಬಾರದು ಎಂಬುದನ್ನು ಈ ಶಾಲೆಯಲ್ಲಿಯೇ ಹೇಳಿಕೊಟ್ಟಿದ್ದರು. ನಾನು ಸ್ವಲ್ಪ ತಡವಾಗಿ ಕಲಿತೆ.